ಮೂವತ್ತೆರಡನೇ ನಿಯಮ

ಅದು ೨೦೦೩. ಭಾನುವಾರ ಮಧ್ಯಾಹ್ನವಾದರೆ ಕೊಟ್ಟೂರಿನ ನಯಾಜಣ್ಣನ ಗ್ಯಾರೇಜಿನಲ್ಲಿ ಯುದ್ಧ ಶುರುವಾಗುತ್ತಿತ್ತು. ಎರಡು ಡ್ರಮ್ಮುಗಳ ಮೇಲೆ ಮಲಗಿಸಿದ ಹಳೆಯ ಬಾಗಿಲೇ ರಣರಂಗ. ನಟ್ಟುಗಳು ಕಾಲಾಳು, ಬೋಲ್ಟುಗಳು ಕುದುರೆ ಸವಾರರು, ಸುಟ್ಟುಹೋದ ಸ್ಪಾರ್ಕ್ ಪ್ಲಗ್ಗುಗಳು ಆನೆಗಳು. ಅವ್ವನ ಹಳೆಯ ನೀಲಿ ಸೀರೆಯ ತುಂಡು ಹಗರಿ ಹೊಳೆ. ಹರಪನಹಳ್ಳಿಯ ಪಾಳೇಗಾರ ನನ್ನ ಅಣ್ಣ ಗುರುಬಸವರಾಜ, ಗುಡೇಕೋಟೆಯ ಪಾಳೇಗಾರ ನಯಾಜಣ್ಣ. ಇತಿಹಾಸದಲ್ಲಿ ಯಾರು ಯಾರ ಮೇಲೆ ಏರಿಹೋಗಿದ್ದರೋ ಗೊತ್ತಿಲ್ಲ, ಇಲ್ಲಿ ಮಾತ್ರ ವಾರಕ್ಕೊಮ್ಮೆ ಒಬ್ಬರ ಕೋಟೆ ಬೀಳಲೇಬೇಕು.

ನಾನು ಪಂಚರ್ ಹಾಕುವ ಸ್ಟೂಲಿನ ಮೇಲೆ ಕೂತು ನಿಯಮ ಓದುವವಳು. ಅಣ್ಣ ದಾವಣಗೆರೆ ಹಾಸ್ಟೆಲಿನಿಂದ ತಂದಿದ್ದ ಈ ಯುದ್ಧದಾಟದ ಇಂಗ್ಲಿಷ್ ಜೆರಾಕ್ಸ್ ಕಟ್ಟನ್ನು ಕನ್ನಡಕ್ಕೆ ಇಳಿಸಿ ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೆ. ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಹುಡುಗಿಗೆ ಗ್ಯಾರೇಜಿನಲ್ಲೇನು ಕೆಲಸ ಎಂದು ಅವ್ವ ಕೇಳಿದಾಗಲೆಲ್ಲ ಅಣ್ಣ, "ಶೈಲಾ ಇಲ್ಲಂದ್ರ ಆಟ ನಡಿಯಂಗಿಲ್ಲಬೇ" ಅನ್ನುತ್ತಿದ್ದ. ಅಷ್ಟರಿಂದಲೇ ನನಗೆ ವಾರದಲ್ಲಿ ಮೂರು ತಾಸು ಹೊರಗಿನ ಗಾಳಿ ಸಿಗುತ್ತಿತ್ತು.

ನನ್ನ ದನಿ ಮಾತ್ರ ಆ ರಣರಂಗದ ಆಚೆ ದಂಡೆಗೂ ಮುಟ್ಟುತ್ತಿರಲಿಲ್ಲ.

"ತಂಗೀ, ನೀ ಓದಿದ್ದು ನಿನಗರ ಕೇಳಿಸ್ತೇನು?" ಅಂದ ನಯಾಜಣ್ಣ ಒಂದು ದಿನ, ತಾನೇ ಡೈರಿ ಎತ್ತಿಕೊಂಡ. ಕೋಟೆಗೆ ಏಣಿ ಹಾಕುವ ನಿಯಮ ಹುಡುಕುತ್ತ ಪುಟ ತಿರುವಿದವನು ಒಂದು ಕಡೆ ನಿಂತುಬಿಟ್ಟ.

"'ಸೋಲುವಾಗ ನಯಾಜಣ್ಣನ ಮೂಗು ಬದನೆಕಾಯಿಯಾಗುತ್ತದೆ.' ಇದು ಎಷ್ಟನೇ ನಿಯಮ?"

ನಾನು ಡೈರಿ ಕಸಿದುಕೊಂಡು ಅದರಿಂದಲೇ ಮುಖ ಮುಚ್ಚಿಕೊಂಡೆ. ಅಣ್ಣ ನಕ್ಕು ನಕ್ಕು ಆನೆಯ ಮೇಲೆ ಕೈ ಊರಿ "ಅಯ್ಯಯ್ಯೋ" ಎಂದ.

ಅಂದೇ ತೀರ್ಮಾನವಾಯಿತು: ನಿಯಮಗಳು ಇನ್ನು ನನ್ನ ಡೈರಿಯಲ್ಲಿ ಇರಕೂಡದು.

"ಕಂಪ್ಯೂಟರ್‌ನ್ಯಾಗ ಹಾಕ್ತೀನಿ," ಅಂದ ಅಣ್ಣ. ಅವನ ಗೊಬ್ಬರದಂಗಡಿಗೆ ಹೊಸದಾಗಿ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಬಂದಿತ್ತು. "ಬಟನ್ ಒತ್ತಿದ್ರ ನಿಯಮ ಎದ್ದು ಬರ್ತೈತಿ."

"ಬುಕ್ ಮಾಡಿಸೋ. ಕೈಯಾಗ ಹಿಡಿಯಂಗಿರಬೇಕು," ಅಂದ ನಯಾಜಣ್ಣ.

ಇಬ್ಬರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಯಾವುದಾದರೂ ಒಂದೇ, ನಿಯಮ ತಾನಾಗಿ ಮಾತಾಡತೊಡಗಿದ ದಿನ ಆ ಸ್ಟೂಲಿನ ಮೇಲೆ ಕೂರಲು ನನಗೆ ನೆಪವೇ ಉಳಿಯುವುದಿಲ್ಲ. ಇದನ್ನು ಹೇಳಲು ಬಾಯಿ ಬರಲಿಲ್ಲ. ಮನೆಗೆ ಹೋಗಿ ಡೈರಿಯಲ್ಲಿ ಬರೆದೆ.

ಮೊದಲು ಕಂಪ್ಯೂಟರಿನ ಸರದಿ. ನಾನೇ ಕೂತು ಟೈಪ್ ಮಾಡಿಕೊಟ್ಟೆ. ಮುಂದಿನ ಭಾನುವಾರ ಅಣ್ಣ ಅದನ್ನು ತಳ್ಳುಗಾಡಿಯಲ್ಲಿ ಹೊದಿಕೆ ಹೊದಿಸಿ ಬಾಣಂತಿಯ ಹಾಗೆ ಕರೆತಂದ. ಇಡಲು ಜಾಗವಿಲ್ಲದೆ ಗುಡೇಕೋಟೆಯ ಅರ್ಧ ಕೋಟೆ ಕೆಡವಬೇಕಾಯಿತು.

"ಯುದ್ಧ ಇಲ್ದನ ನನ್ನ ಕೋಟಿ ಬಿತ್ತಲೋ," ಅಂದ ನಯಾಜಣ್ಣ.

ಅಣ್ಣನ ಆನೆಗಳು ಹೊಳೆ ದಾಟುವ ಹೊತ್ತಿಗೆ ಕರೆಂಟು ಹೋಯಿತು. ಎರಡು ತಾಸು ಯುದ್ಧವಿರಾಮ. ಎರಡೂ ಪಡೆಯವರು ಒಂದೇ ಪೊಟ್ಟಣದ ಮಂಡಕ್ಕಿ ತಿಂದರು. ಕರೆಂಟು ಬಂದ ಮೇಲೆ ಅಣ್ಣ ಪರದೆಯ ಮೇಲೆ ಬೆರಳಿಟ್ಟು ಓದಿದ: "ಆನೆ, ಒಂಬತ್ತು ಇಂಚು."

ನಯಾಜಣ್ಣ ಅಳತೆಯ ಟೇಪು ಕೆಳಗಿಟ್ಟ. "ಹೋದ ವಾರ ಆರು ಇಂಚು ನಡಿಯೋ ಆನಿ ಈ ವಾರ ಒಂಬತ್ತು ನಡಿಯಾಕತ್ತೈತಿ. ಏನು ಗೊಬ್ಬರ ಹಾಕಿದಿಲೇ?"

"ಟೈಪಿಂಗ್ ಮಿಸ್ಟೇಕ್ ಇರಬೇಕು."

"ತಂಗೀ, ನೀ ಏನಂತ ಹೊಡ್ದಿದ್ದಿ?"

"ಆರು," ಅಂದೆ.

"ನೋಡು! ಇದ್ರಾಗ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ತಿದ್ದಬಹುದು. ಅಚ್ಚು ಹಾಕಿಸು. ಅಚ್ಚಾದ್ದನ್ನ ದೇವ್ರು ಬಂದ್ರೂ ತಿದ್ದಾಕ ಬರಂಗಿಲ್ಲ."

ಹೀಗೆ ನಿಯಮಗಳು ಊರಿನ ಲಗ್ನಪತ್ರಿಕೆ ಅಚ್ಚು ಹಾಕುವ ಬೊಮ್ಮಪ್ಪನ ಪ್ರೆಸ್ಸಿಗೆ ಹೋದವು. ಅದು ಲಗ್ನದ ಸೀಸನ್ನು. ಬೊಮ್ಮಪ್ಪನಿಗೆ ಕೈ ಬಿಡುವಿರಲಿಲ್ಲ, ತಲೆಗಂತೂ ಮೊದಲಿನಿಂದಲೂ ಬಿಡುವೇ. ಹದಿನೈದು ದಿನದ ಮೇಲೆ ಪ್ರೂಫ್ ಮನೆಗೆ ಬಂತು. ನಾನು ಪಡಸಾಲೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತೆ.

ಪುಸ್ತಕದ ನೆತ್ತಿಯ ಮೇಲೆ ಅರಿಶಿನ ಬಣ್ಣದ ಗಣಪತಿ, ಎರಡೂ ಬದಿಗೆ ಬಾಳೆಕಂಬ. ಅದನ್ನು ಹೊಡೆದುಹಾಕಿದೆ. 'ಉಭಯ ಪಡೆಗಳು' ಇದ್ದಲ್ಲಿ 'ಉಭಯ ಬೀಗರು' ಎಂದಿತ್ತು. ಹೊಡೆದುಹಾಕಿದೆ. ಮೂವತ್ತೊಂದು ನಿಯಮಗಳು ಮುಗಿದ ಕೆಳಗೆ, ಕೈಯ ರೂಢಿಗೆ ಬೊಮ್ಮಪ್ಪ ಇನ್ನೊಂದು ಸೇರಿಸಿ, ನಂಬರನ್ನೂ ಹಾಕಿದ್ದ:

'೩೨. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಈ ಶುಭಕಾರ್ಯವನ್ನು ಚಂದಗಾಣಿಸಿಕೊಡಬೇಕಾಗಿ ವಿನಂತಿ.'

ನಗು ಬಂತು. ಪೆನ್ನಿನ ಮೊನೆ ಆ ಸಾಲಿನ ಮೇಲಿಟ್ಟೆ. ಬಹಳ ಹೊತ್ತು ಇಟ್ಟೇ ಇದ್ದೆ, ಒಂದು ಕೆಂಪು ಚುಕ್ಕೆಯೂ ಮೂಡಿತು. ಆಮೇಲೆ ಪೆನ್ನಿಗೆ ಟೋಪಿ ಹಾಕಿ, ಪುಟದ ಕೆಳಗೆ 'ಸರಿಯಿದೆ, ಮುದ್ರಿಸಬಹುದು' ಎಂದು ಬರೆದು ಸಹಿ ಮಾಡಿದೆ.

ಪುಸ್ತಕ ಬಂತು. ನಾನು ಅಂದುಕೊಂಡದ್ದೇ ಆಯಿತು. ಮೊದಲ ಭಾನುವಾರ ಅಣ್ಣ ತನ್ನ ಪ್ರತಿ ಜೇಬಿಗಿಟ್ಟುಕೊಂಡು ಒಬ್ಬನೇ ಹೋದ. ಎರಡನೇ ಭಾನುವಾರ ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ. "ನೀ ಯಾಕ ಸುಮ್ನ ಬಿಸಲಾಗ," ಅಂದು ಸೈಕಲ್ ಹತ್ತಿದ. ಅವ್ವ ನನ್ನ ಮುಂದೆ ಅವರೆಕಾಯಿ ಸುರುವಿದಳು.

ಮೂರನೇ ಭಾನುವಾರ ನಾನು ಯಾರನ್ನೂ ಕೇಳದೆ ನಡೆದುಹೋದೆ. ದಾರಿಯುದ್ದ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದೆ. ಗ್ಯಾರೇಜು ಕಂಡಕೂಡಲೇ ಎಲ್ಲ ಮರೆತುಹೋಯಿತು.

"ಏನವಾ, ಮನ್ಯಾಗ ಏನಾರ ಆತೇನು?" ಅಂದ ಅಣ್ಣ.

"ಕೊನೇ ಪುಟ ಓದ್ರಿ," ಅಂದೆ.

ನಯಾಜಣ್ಣ ಗ್ರೀಸಿನ ಬೆರಳಿನಿಂದಲೇ ಪುಟ ತಿರುವಿದ. ಓದಿದ. ಇನ್ನೊಮ್ಮೆ ಜೋರಾಗಿ ಓದಿದ. "ಯಪ್ಪಾ! ನಾವು ಇಷ್ಟು ದಿನ ನಿಯಮ ಮುರಿದು ಆಡೀವಲ್ಲೋ ಗುರು. ಸಕುಟುಂಬ ಅಂತೈತಿ, ನೀ ಒಬ್ನ ಬಂದಿ!"

"ಅದು ಬೊಮ್ಮಪ್ಪನ ಲಗ್ನಪತ್ರಿಕಿ ಸಾಲೋ ಮಾರಾಯ. ತಪ್ಪಾಗಿ ಬಿದ್ದೈತಿ."

"ಅಚ್ಚಾಗೈತೋ ಇಲ್ಲೋ?"

ಅಣ್ಣ ನನ್ನ ಕಡೆ ತಿರುಗಿದ. "ಪ್ರೂಫ್ ನೋಡಿದಾಕಿ ನೀನ. ಇದು ಕಾಣಲಿಲ್ಲೇನು?"

ಕಾಣಲಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಕಂಡಿತ್ತು," ಅಂದೆ. "ಬೇಕಂತನ ಬಿಟ್ಟೆ."

ಅಣ್ಣ ಪುಸ್ತಕ ನೋಡಿದ, ನನ್ನ ನೋಡಿದ, ಖಾಲಿ ಸ್ಟೂಲು ನೋಡಿದ. "ಓದಾಕ ಬರ್ತೀನಿ ಅಂದಿದ್ರ ಕರ್ಕಂಡು ಬರ್ತಿದ್ನಿಲ್ಲೋ," ಅಂದ ಮೆಲ್ಲಗೆ.

"ಓದಾಕ ಅಲ್ಲ, ಆಡಾಕ."

ನಯಾಜಣ್ಣ ಆಗಲೇ ಡಬ್ಬಿ ಕೆದಕುತ್ತಿದ್ದ. ಇಪ್ಪತ್ತು ವಾಷರು, ಎಂಟು ಬೋಲ್ಟು, ಒಂದು ಸ್ಪಾರ್ಕ್ ಪ್ಲಗ್ಗು ರಣರಂಗದ ಮೂಲೆಗೆ ಸುರಿದ. "ತಗೋ, ಹಡಗಲಿ ಪಾಳೇಗಾರ್ತಿ. ಆನಿ ಒಂದ ಐತಿ, ಜ್ವಾಕಿ."

ಮೊದಲ ಸುತ್ತಿಗೇ ನನ್ನ ಆರು ಕುದುರೆ ಸತ್ತವು. ಎರಡನೇ ಸುತ್ತಿನಲ್ಲಿ ಅಣ್ಣ ಅಳತೆಯ ಟೇಪನ್ನು ಮೆಲ್ಲಗೆ ಜಗ್ಗಿ ಹಿಡಿದು ನನ್ನ ಆನೆಯ ಹತ್ತಿರ ಬಂದ.

"ಮೋಸ!" ಎಂದು ಚೀರಿದೆ. "ಟೇಪ್ ಜಗ್ಗಾಕತ್ಯಾನ! ಮೋಸ!"

ಎದುರಿನ ಚಹಾದಂಗಡಿಯವರು ಕಪ್ಪು ಹಿಡಿದುಕೊಂಡೇ ಹೊರಗೆ ಬಂದು ನೋಡಿದರು. ನಾನು ಅವರತ್ತ ತಿರುಗಲೂ ಇಲ್ಲ. ಟೇಪು ಕಸಿದುಕೊಂಡು ಮೊದಲಿನಿಂದ ಅಳೆಯತೊಡಗಿದೆ.