ಹಂಚಿನ ಮೇಲಿನ ನಾಲ್ಕು ಬೆರಳು

ನಮ್ಮ ಬಂದರಿನ ಇತಿಹಾಸದಲ್ಲಿ ಬಹುಕಾಲ ಇತ್ಯರ್ಥವಾಗದೆ ಉಳಿದ ಒಂದು ಘನವಾದ ಪ್ರಶ್ನೆಯಿತ್ತು. ಕೋಟೆಯನ್ನು ಕಟ್ಟಿದವರು ಯಾರು, ಕೆಡವಿದವರು ಯಾರು ಎಂಬುದಲ್ಲ. ಅದನ್ನು ವಿದ್ವಾಂಸರು ನೋಡಿಕೊಳ್ಳುತ್ತಾರೆ, ಅವರಿಗೂ ಕೆಲಸ ಬೇಕಲ್ಲ. ಪ್ರಶ್ನೆ ಇದು: ನನ್ನ ಎದೆಯ ಮೇಲೆ ಕಾಲಿಟ್ಟು ನಡೆದವರು ಯಾರು?

ನಾನು ಒಂದು ಹಂಚು. ಹುಟ್ಟುವ ಮೊದಲು ಹೊಳೆಯ ಬದಿಯ ಜೇಡಿಮಣ್ಣಾಗಿದ್ದೆ. ದೋಣಿಯಲ್ಲಿ ಬಂದೆ. ಆದ್ದರಿಂದ ಈ ಬಂದರಿಗೆ ಜಲಮಾರ್ಗವಾಗಿ ಬಂದಿಳಿದವರ ಪಟ್ಟಿಯಲ್ಲಿ ನನ್ನನ್ನೂ ಸೇರಿಸಬಹುದು. ಕಾರ್ಖಾನೆಯಲ್ಲಿ ನನ್ನನ್ನು ನಾದಿದರು, ಅರೆದರು, ಕಬ್ಬಿಣದ ಅಚ್ಚಿನ ನಡುವೆ ಇಟ್ಟು ಒತ್ತಿದರು. ಒಂದೇ ಒತ್ತಿಗೆ ಮಳೆನೀರು ಹರಿಯಲು ಎರಡು ಕಾಲುವೆ, ಛಾವಣಿಯ ಮರದ ಪಟ್ಟಿಗೆ ಸಿಕ್ಕಿಕೊಳ್ಳಲು ಹಿಂದೆ ಕೊಕ್ಕೆ, ಬೆನ್ನ ಮೇಲೆ ಕಾರ್ಖಾನೆಯ ಹೆಸರು, ಊರಿನ ಹೆಸರು ಎಲ್ಲವೂ ಬಂದುಬಿಟ್ಟವು. ಆ ಹೆಸರುಗಳೇನೆಂದು ಕೇಳಬೇಡಿ. ನನಗೆ ನನ್ನ ಬೆನ್ನು ಕಾಣುವುದಿಲ್ಲ.

ಅಚ್ಚಿನಿಂದ ಹೊರಬಂದ ಹಂಚಿನ ಅಂಚಿನಲ್ಲಿ ಹೆಚ್ಚಿನ ಮಣ್ಣು ಜೋತುಬಿದ್ದಿರುತ್ತದೆ. ಅದನ್ನು ತಂತಿಯಿಂದ ಕೊಯ್ದು ತೆಗೆಯುವುದು ಹೆಂಗಸರ ಕೆಲಸ. ನನ್ನನ್ನು ಕೊಯ್ದವಳಿಗೆ ಹತ್ತೊಂಬತ್ತು ವರ್ಷ. ಮಾತು ಕಡಿಮೆ, ಕೈ ಚುರುಕು. ಕೊಯ್ದ ಮೇಲೆ ಪ್ರತಿಯೊಬ್ಬಳೂ ಹಂಚಿನ ಕೆಳಮೂಲೆಯಲ್ಲಿ ಹೆಬ್ಬೆರಳಿನಿಂದ ತನ್ನದೇ ರೀತಿಯ ಒಂದು ಗುಳಿ ಒತ್ತಬೇಕೆಂಬ ಪದ್ಧತಿ ಅಲ್ಲಿತ್ತು. ಹಂಚು ಸೊಟ್ಟಗಾದರೆ ಬೈಗುಳ ಸರಿಯಾದ ವಿಳಾಸಕ್ಕೆ ತಲುಪಲಿ ಎಂದು. ಈ ಹುಡುಗಿ ಎಡಗೈಯವಳು. ಅವಳ ಗುಳಿ ಎಡಕ್ಕೆ ವಾಲುತ್ತಿತ್ತು.

ನಮ್ಮನ್ನು ಒಣಗಲು, ಹಂಚು ಸುಡುವ ಗೂಡಿನ ಮೇಲಿನ ಅಟ್ಟದಲ್ಲಿ ಸಾಲಾಗಿ ಇಟ್ಟರು. ಕೆಳಗೆ ಬೆಂಕಿ, ಮೇಲೆ ಹಿತವಾದ ಬಿಸಿ. ಅದೇ ಸಂಜೆ ಯಾರೋ ನನ್ನ ಮೇಲೆ ನಡೆದು ಹೋದರು. ನಾಲ್ಕು ಬೆರಳು, ಒಂದು ಅಂಗಾಲು. ಅವಸರವಿರಲಿಲ್ಲ, ಭಾರವೂ ಅಷ್ಟಿರಲಿಲ್ಲ. ಯಾರೆಂದು ಗುರುತಿಸಲು ನನಗಾಗ ಪ್ರಾಣಿಗಳ ಪರಿಚಯವಿರಲಿಲ್ಲ. ಹುಟ್ಟಿ ಮೂರು ಗಂಟೆಯಾಗಿತ್ತು ಅಷ್ಟೆ.

ಸುಟ್ಟು ಹೊರತೆಗೆದಾಗಲೇ ವಿಷಯ ಮ್ಯಾನೇಜರರ ಕಣ್ಣಿಗೆ ಬಿತ್ತು. ಹದಿನೇಳು ಹಂಚುಗಳ ಮೇಲೆ ಹೆಜ್ಜೆ. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ನಾಲ್ಕು ಕಾಲಿನ ಜೀವಿ ಒಂದೇ: ಗೇಟು ಕಾಯುವ ಐತಪ್ಪನ ನಾಯಿ ಟೈಗರ್.

“ಕಟ್ಟಿದ್ದೆ ಧನಿಗಳೇ,” ಎಂದ ಐತಪ್ಪ. “ನಾನೇ ಕಟ್ಟಿದ್ದೆ.”

“ಹಾಗಾದರೆ ಹಂಚು ತನ್ನಷ್ಟಕ್ಕೆ ಗೀಚಿಕೊಂಡಿತಾ? ತಗೋ, ನಿನ್ನ ನಾಯಿಯ ರುಜು. ನಾಳೆಯಿಂದ ಬರಬೇಡ.”

ಹದಿನಾರು ಹಂಚುಗಳನ್ನು ಒಡೆದು ರಸ್ತೆಯ ಹೊಂಡಕ್ಕೆ ತುಂಬಿದರು. ಹದಿನೇಳನೆಯವನಾದ ನಾನು ಐತಪ್ಪನ ಕಂಕುಳಲ್ಲಿ ಮನೆಗೆ ಹೋದೆ.

“ಕೆಲಸ ಹೋಯ್ತು, ಹಂಚು ಬಂತು,” ಎಂದು ಅವನ ಹೆಂಡತಿ ನನ್ನನ್ನು ಬರಮಾಡಿಕೊಂಡಳು. ಐತಪ್ಪ ನನ್ನನ್ನು ಅಡುಗೆಮನೆಯ ಮಾಡಿಗೆ ಏರಿಸಿದ. ಹೆಜ್ಜೆ ಕಾಗೆಗಳಿಗೆ ಮಾತ್ರ ಕಾಣುತ್ತಿತ್ತು. ಅವು ಅದರ ಬಗ್ಗೆ ಏನೂ ಹೇಳಲಿಲ್ಲ. ಇಪ್ಪತ್ತಾರು ವರ್ಷ ಅಲ್ಲಿದ್ದೆ. ಮೇಲಿನಿಂದ ಮಳೆ, ಕೆಳಗಿನಿಂದ ಹೊಗೆ ಮತ್ತು ಮಾತು. ಐತಪ್ಪ ಬಂದರಿನ ದಕ್ಕೆಯಲ್ಲಿ ಮೂಟೆ ಹೊತ್ತ, ಹೊಳೆ ದಾಟಿಸುವ ಕಡವಿನ ದೋಣಿ ನಡೆಸಿದ. ಯಾರಾದರೂ ಗೇಟಿನ ಸುದ್ದಿ ಎತ್ತಿದರೆ ಸಾಕು, “ಕಟ್ಟಿದ್ದೆ ಮಾರಾಯ್ರೇ,” ಎನ್ನುತ್ತಿದ್ದ. ಕೇಳಿ ಕೇಳಿ ಅದು ಮನೆಯ ಗಾದೆಯಾಯಿತು. ಹಾಲು ಚೆಲ್ಲಿದ್ದು ನಾನಲ್ಲ ಎಂದು ಮಗಳು ಶಶಿಪ್ರಭಾ ಹೇಳಿದರೆ, “ಹೌದು ಹೌದು, ನೀನೂ ಕಟ್ಟಿದ್ದಿ,” ಎನ್ನುತ್ತಿದ್ದಳು ತಾಯಿ. ಎಲ್ಲರೂ ನಗುತ್ತಿದ್ದರು. ಐತಪ್ಪನೂ ನಗುತ್ತಿದ್ದ, ತುಸು ತಡವಾಗಿ.

ಟೈಗರ್ ತನ್ನ ಮೇಲಿನ ಆಪಾದನೆ ಏನೆಂದು ತಿಳಿಯದೆಯೇ ಮುದಿಯಾಗಿ ಸತ್ತ. ಐತಪ್ಪನೂ ಹೋದ. ಮಾಡು ಇಳಿದು ಕಾಂಕ್ರೀಟು ಏರಿತು. ನಾನು ಕೆಲಕಾಲ ಕೋಳಿಗೂಡಿನ ಮುಚ್ಚಳವಾದೆ, ಆಮೇಲೆ ಗಾಳಿಗೆ ಬಡಿಯುವ ಹಿತ್ತಲ ಬಾಗಿಲಿಗೆ ಒತ್ತು.

ಶಶಿಪ್ರಭಾ ಅಷ್ಟರಲ್ಲಿ ಶಶಿಪ್ರಭಾ ಟೀಚರ್ ಆಗಿ, ನಿವೃತ್ತರೂ ಆಗಿದ್ದರು. ನಲವತ್ತು ಮಕ್ಕಳನ್ನು ಸಾಲಾಗಿ ನಡೆಸಿ ಅಭ್ಯಾಸವಾದವರು ಮನೆಯಲ್ಲಿ ಎಷ್ಟು ದಿನ ಕೂರುತ್ತಾರೆ? ‘ಹಳೇ ಬಂದರಿನಲ್ಲಿ ಒಂದು ನಡಿಗೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ. ಉಚಿತ’ ಎಂದು ಬರೆದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರು. ಮೊದಲ ವಾರ ಯಾರೂ ಬರಲಿಲ್ಲ. ಉಚಿತ ಎಂದರೆ ಜನರಿಗೆ ಸಂಶಯ. ಎರಡನೆಯ ವಾರ ಮೂವರು ಬಂದರು. ಅವರಲ್ಲೊಬ್ಬರು ಬ್ಯಾಂಕಿನಿಂದ ನಿವೃತ್ತರಾದ ನರಹರಿ ಮಲ್ಯರು. ಅವರ ಮೊದಲ ಪ್ರಶ್ನೆ, “ಕೊನೆಗೆ ಎಂತಾದ್ರೂ ಮಾರ್ತೀರಾ?”

ಟೀಚರ್ ಏನನ್ನೂ ಮಾರುತ್ತಿರಲಿಲ್ಲ. ಬಟ್ಟೆಚೀಲದಲ್ಲಿ ನೀರಿನ ಬಾಟ್ಲಿ, ಟವೆಲು, ನಾನು. ಹಳೆಯ ಸುಂಕದ ಕಟ್ಟೆ, ಇನ್ನೂ ಮೆಣಸಿನ ಘಾಟು ಬಿಡದ ಗೋದಾಮು, ಕಡವಿನ ಮೆಟ್ಟಿಲು, ಕೊನೆಗೆ ಕಾರ್ಖಾನೆಯ ಚಿಮಣಿ. ಕಾರ್ಖಾನೆಯಲ್ಲಿ ಈಗ ಚಿಮಣಿಯೊಂದೇ ನಿಂತಿದೆ, ಗೆಳೆಯರೆಲ್ಲ ಎದ್ದುಹೋದ ಮೇಲೂ ಹರಟೆಗೆ ಕಾದವನಂತೆ. ಅಲ್ಲಿ ನನ್ನನ್ನು ಹೊರತೆಗೆದು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನಗೆ ಇದು ಇಷ್ಟ. ಮಾಡಿನ ಮೇಲಿದ್ದಾಗ ಜನರ ನೆತ್ತಿ ಮಾತ್ರ ಕಾಣುತ್ತಿತ್ತು. ಈಗ ಮುಖ ಕಾಣುತ್ತದೆ. ಕಾಲ ಕೆಳಗಿನದನ್ನು ತುಳಿದುಕೊಂಡು ಹೋಗುವ ಜನ ಅದನ್ನೇ ಕೈಯಲ್ಲಿ ಕೊಟ್ಟರೆ ಏಕೆ ಉಸಿರು ಹಿಡಿದು ನೋಡುತ್ತಾರೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

“ಇದು ನಮ್ಮ ಅಪ್ಪನ ನಾಯಿಯ ಹೆಜ್ಜೆ,” ಎಂದು ಟೀಚರ್ ಶುರುಮಾಡಿ, ಕೈ ಮುಗಿದು, ಕುತ್ತಿಗೆ ಬಗ್ಗಿಸಿ, ಥೇಟು ಐತಪ್ಪನ ದನಿಯಲ್ಲಿ, “ಕಟ್ಟಿದ್ದೆ ಧನಿಗಳೇ, ನಾನೇ ಕಟ್ಟಿದ್ದೆ!” ಎನ್ನುತ್ತಿದ್ದರು. ಜನ ಘೊಳ್ಳೆಂದು ನಗುತ್ತಿದ್ದರು. ಇಡೀ ನಡಿಗೆಯಲ್ಲಿ ಅತಿ ಹೆಚ್ಚು ನಗು ಬೀಳುತ್ತಿದ್ದ ಜಾಗ ಅದೇ. ಎರಡು ವರ್ಷ ಹೀಗೆ ನಡೆಯಿತು.

ಆ ಭಾನುವಾರ ಗುಂಪಿನಲ್ಲಿ ಒಬ್ಬರು ಹೊಸಬರಿದ್ದರು. ಎಪ್ಪತ್ತರ ಆಸುಪಾಸಿನ ಸೆರಾಫಿನ್ ಬಾಯಿ, ಕೊಡೆಯನ್ನೇ ಊರುಗೋಲು ಮಾಡಿಕೊಂಡಿದ್ದರು. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದವರು ಈಚೆಗೆ ಮಗಳ ಜೊತೆಗಿರಲು ಬಂದಿದ್ದರಂತೆ. ಸುಂಕದ ಕಟ್ಟೆಯನ್ನಾಗಲಿ ಗೋದಾಮನ್ನಾಗಲಿ ಅವರು ತಲೆಯೆತ್ತಿ ನೋಡಲಿಲ್ಲ. ಚಿಮಣಿ ಬಂದಾಗ ಮಾತ್ರ ನಿಂತರು.

ಟೀಚರ್ ಕತೆ ಹೇಳಿದರು, ಕೈ ಮುಗಿದರು, ಜನ ನಕ್ಕರು. ನಾನು ಮಲ್ಯರ ಕೈಯಲ್ಲಿದ್ದೆ. ಎರಡು ವರ್ಷದಲ್ಲಿ ಹತ್ತನೆಯ ಸಲ ಬಂದಿದ್ದ ಮಲ್ಯರು ಅಂದು ಹೊಸ ಕನ್ನಡಕ ಹಾಕಿದ್ದರು.

“ಅಲ್ಲ ಟೀಚರೇ, ನಾಯಿ ಆದ್ರೆ ಉಗುರಿನ ಗುರುತು ಬೀಳ್ತದೆ. ನಮ್ಮ ಸಿಮೆಂಟಿನ ಅಂಗಳದಲ್ಲಿ ಉಂಟು, ಬಂದು ನೋಡಿ. ಇದರಲ್ಲಿ ಉಗುರೆಲ್ಲಿ?”

“ಐವತ್ತು ವರ್ಷ ಆಯ್ತಲ್ಲ ಮಾರಾಯ್ರೇ, ಸವೆದಿರ್ತದೆ.”

“ಬೆರಳು ಸವೀಲಿಲ್ಲ, ಉಗುರು ಮಾತ್ರ ಸವೀತಾ?”

“ಇಲ್ಲಿ ಕೊಡಿ,” ಎಂದರು ಸೆರಾಫಿನ್ ಬಾಯಿ.

ಅವರು ಹೆಜ್ಜೆಯನ್ನು ನೋಡಲೇ ಇಲ್ಲ. ನನ್ನನ್ನು ತಿರುಗಿಸಿ ಕೆಳಮೂಲೆ ಹುಡುಕಿ, ಎಡಗೈಯ ಹೆಬ್ಬೆರಳನ್ನು ಆ ವಾಲಿದ ಗುಳಿಯಲ್ಲಿಟ್ಟರು. ಅದು ಸರಿಯಾಗಿ ಕೂರಲಿಲ್ಲ. ನಾನು ಬೆಂಕಿಯಲ್ಲಿ ಕುಗ್ಗಿದ್ದೆ, ಬೆರಳು ವಾತದಿಂದ ಊದಿತ್ತು. ಆದರೂ ಇಬ್ಬರಿಗೂ ಗುರುತು ಸಿಕ್ಕಿತು.

“ಬೆಕ್ಕು,” ಎಂದರು. “ಅಟ್ಟದಲ್ಲಿ ಬೆಚ್ಚಗಿರ್ತದಲ್ಲ, ಅಲ್ಲಿ ಮರಿ ಹಾಕಿತ್ತು. ಮೂರು. ನನ್ನ ಬುತ್ತಿಯ ಬಂಗುಡೆ ತಲೆ ಹಾಕ್ತಿದ್ದೆ. ಹೇಳಿದ್ರೆ ಮರಿಗಳನ್ನು ಹೊಳೆಗೆ ಬಿಸಾಡ್ತಿದ್ರು, ನನ್ನನ್ನು ಗೇಟಿನ ಹೊರಗೆ. ನಾಯಿ ಅಂದ್ರಲ್ಲ, ಒಂದು ಬೈಗುಳದಲ್ಲಿ ಮುಗೀತದೆ ಅಂತ ಸುಮ್ಮನಾದೆ. ಮಾರನೇ ದಿನ ನೋಡಿದ್ರೆ ಗೇಟಿನಲ್ಲಿ ಬೇರೆ ಜನ.”

ಟೀಚರ್ ಒಂದು ಹೆಜ್ಜೆ ಮುಂದೆ ಬಂದರು. “ಹಾಗಾದ್ರೆ ಟೈಗರ್...”

“ಕಟ್ಟಿದ್ರು. ನಿಮ್ಮ ಅಪ್ಪ ದಿನಾ ಕಟ್ತಿದ್ರು. ಆ ಹಗ್ಗ ದಾಟಿಯೇ ನಾವು ಒಳಗೆ ಹೋಗ್ತಿದ್ದದ್ದು.”

“ಐವತ್ತು ವರ್ಷ ನಿಮಗೆ ಬಾಯಿ ಇರ್ಲಿಲ್ವಾ?”

“ಹತ್ತು ವರ್ಷ ಹೆದರಿಕೆ ಇತ್ತು ಟೀಚರ್. ಆಮೇಲೆ ನಾಚಿಕೆ.”

ಟೀಚರ್ ಟವೆಲಿನಿಂದ ನನ್ನನ್ನು ಒರೆಸತೊಡಗಿದರು, ಕೊಳೆಯೇನೂ ಇರದಿದ್ದರೂ. ಗುಂಪಿನ ಪರವಾಗಿ ಮಲ್ಯರೇ ಗಂಟಲು ಸರಿಮಾಡಿಕೊಂಡರು.

“ಆ ಮರಿಗಳು ಎಂತಾದವು?”

“ಎರಡು ನಮ್ಮ ಮನೆಗೆ. ಒಂದು ಮ್ಯಾನೇಜರರ ಹೆಂಡತಿ ತಗೊಂಡು ಹೋದ್ರು. ಮೆತ್ತೆ ಮೇಲೆ ಮಲಗ್ತಿತ್ತಂತೆ.”

ಟೀಚರ್ ನಗಲಿಲ್ಲ. ಆದರೆ ಹೊರಡುವಾಗ ಕಡವಿನ ಜಾರುವ ಇಳಿಜಾರಿನಲ್ಲಿ ಸೆರಾಫಿನ್ ಬಾಯಿಯ ಮೊಣಕೈ ಹಿಡಿದುಕೊಂಡರು. ಹಿಡಿದದ್ದು ಸ್ವಲ್ಪ ಬಿಗಿಯಾಗಿಯೇ ಇತ್ತು. ಮನೆಗೆ ಬಂದ ಮೇಲೆ ನನ್ನನ್ನು ಹಿತ್ತಲ ಬಾಗಿಲಿಗೆ ಒತ್ತಿಡಲಿಲ್ಲ. ಐತಪ್ಪನ ಫೋಟೋದ ಕೆಳಗೆ ಇಟ್ಟು, ಬಹಳ ಹೊತ್ತು ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತರು. ಬಾಗಿಲು ಬಡಿದುಕೊಳ್ಳುತ್ತಲೇ ಇತ್ತು.

ನನಗೀಗ ವಯಸ್ಸಾಗಿದೆ. ಒಂದು ಕೊಕ್ಕೆ ಮುರಿದಿದೆ. ಮಳೆ ತಡೆಯಲು ಹುಟ್ಟಿದವನು ಸಾಕ್ಷಿ ಹೇಳುವ ಕೆಲಸಕ್ಕೆ ಸೇರಿದ್ದೇನೆ. ಸಾಕ್ಷಿ ಎದೆಯ ಮೇಲೆಯೇ ಇತ್ತು, ಇಷ್ಟು ದಿನ ಎಲ್ಲರೂ ನನ್ನನ್ನು ಹಿಡಿದುಕೊಂಡೇ ನಕ್ಕರು.

ಮುಂದಿನ ಭಾನುವಾರ ಹನ್ನೊಂದು ಜನ ಬಂದಿದ್ದರು. ಸೆರಾಫಿನ್ ಬಾಯಿಗೆ ಮಂಡಿನೋವು. ಮಲ್ಯರು ಬಂದಿದ್ದರು, ಚಿಮಣಿಯನ್ನು ತಾವೇ ಕಟ್ಟಿಸಿದ ಠೀವಿಯಲ್ಲಿ. ಟೀಚರ್ ನನ್ನನ್ನು ಹೊರತೆಗೆದು ಎರಡು ಕೈಯಲ್ಲೂ ಎತ್ತಿಹಿಡಿದರು. ಕತೆ ಗೊತ್ತಿದ್ದವರು ನಗಲು ಸಿದ್ಧರಾದರು. ಟೀಚರ್ ಕೈ ಮುಗಿಯಲಿಲ್ಲ, ಕುತ್ತಿಗೆ ಬಗ್ಗಿಸಲಿಲ್ಲ.

“ಇದು ಬೆಕ್ಕಿನ ಹೆಜ್ಜೆ,” ಎಂದರು. “ನಾಯಿಯನ್ನು ನಮ್ಮ ಅಪ್ಪ ಐತಪ್ಪ ಕಟ್ಟಿದ್ದರು.”

“ಇಷ್ಟೇನಾ?” ಎಂದರು ಯಾರೋ.

“ಇಷ್ಟೇ.”

ಯಾರೂ ನಗಲಿಲ್ಲ. ನಡಿಗೆ ಅಂದು ಐದು ನಿಮಿಷ ಬೇಗ ಮುಗಿಯಿತು.