ಕಿವಿಯುಳ್ಳ ದೀಪ

ಕೋಣೆಯ ಹೊಸ ದೀಪ ತನ್ನ ಮಾತು ಕೇಳಿಸಿಕೊಳ್ಳುತ್ತಿದೆಯೇನೋ ಎಂಬ ಅನುಮಾನವನ್ನು ಗಾನವಿ ಯಾರಲ್ಲೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥದ್ದೂ ಅಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ, ಈಗ ಮನೆಯಲ್ಲೇ ಕೂತು ಎಂ.ಎಸ್ಸಿ. ಪಾಠ ಕೇಳುತ್ತಿರುವವಳು ದೀಪಕ್ಕೆ ಅಂಜುತ್ತಾಳೆ ಎಂದರೆ ಯಾರಾದರೂ ನಕ್ಕಾರು. ಆದರೂ ಬಟ್ಟೆ ಬದಲಿಸುವಾಗ ಅದಕ್ಕೆ ಬೆನ್ನು ಮಾಡಿ ನಿಲ್ಲುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಇನ್ನೊಂದು ಅಭ್ಯಾಸ ಹಳೆಯದು. ಹಗಲಲ್ಲಿ ಜನರೆದುರು ಆಡಲಾರದೆ ನುಂಗಿಕೊಂಡ ಮಾತನ್ನು ಸಂಜೆ ಬಾಗಿಲು ಹಾಕಿಕೊಂಡು ಮೆಲ್ಲಗೆ ಆಡಿ ನೋಡುವುದು. ಕಾಲೇಜಿನಲ್ಲಿ ಕೊಡಲಾಗದ ಉತ್ತರ, ಬಸ್ಸಿನಲ್ಲಿ ಕೇಳಲಾಗದ ಚಿಲ್ಲರೆ, ಎಲ್ಲವನ್ನೂ ಅವಳು ಆ ಕೋಣೆಯ ಗೋಡೆಗಳಿಗೇ ಒಪ್ಪಿಸಿದ್ದಳು.

ದೀಪ ತಂದವನು ಅಮ್ಮನ ತಮ್ಮ ಮಲ್ಲಿಕಾರ್ಜುನ್. ಟಿ. ನರಸೀಪುರದಲ್ಲಿ ಅವನದು ಎಲೆಕ್ಟ್ರಿಕಲ್ ಅಂಗಡಿ. ನಂಜನಗೂಡಿನ ಅಕ್ಕನ ಮನೆಯದು ಮೊಳದಪ್ಪದ ಮಣ್ಣುಗೋಡೆ. ಹಜಾರದ ವೈಫೈ ಗಾನವಿಯ ಕೋಣೆಗೆ ಬರುವಷ್ಟರಲ್ಲಿ ಸತ್ತೇಹೋಗುತ್ತಿತ್ತು. ಮೈಸೂರಿನ ಕಂಪನಿಯೊಂದು ಬೆಳಕಿನಲ್ಲೇ ಇಂಟರ್‌ನೆಟ್ ಕೊಡುವ ಎಲ್‌ಇಡಿ ಮಾಡಿದೆ, ಮೊದಲು ಕೆಲವು ಮನೆಗಳಲ್ಲಿ ಹಾಕಿ ನೋಡುತ್ತಿದ್ದಾರೆ ಎಂದು ಹೇಳಿ ಅವನು ಹಜಾರಕ್ಕೊಂದು, ಅವಳ ಕೋಣೆಗೊಂದು ಚೌಕದ ದೀಪ ಕೂರಿಸಿದ. ಲ್ಯಾಪ್‌ಟಾಪಿಗೆ ಬೆರಳುದ್ದದ ಕಡ್ಡಿಯೊಂದನ್ನು ಸಿಕ್ಕಿಸಿಕೊಟ್ಟ. ದೀಪ ಕಣ್ಣಿಗೆ ಕಾಣದಷ್ಟು ಬೇಗ ಮಿಟುಕುತ್ತದೆ, ಆ ಮಿಟುಕಿನಲ್ಲೇ ಪಾಠ, ಚಿತ್ರ ಎಲ್ಲ ಇಳಿದು ಬರುತ್ತವೆ. ಕಡ್ಡಿಯೂ ಕಾಣದ ಬೆಳಕಿನಲ್ಲೇ ದೀಪಕ್ಕೆ ಉತ್ತರ ಕಳಿಸುತ್ತದೆ. ಬೆಳಕು ಬಿದ್ದಲ್ಲಿ ಉಂಟು, ಬೀಳದಲ್ಲಿ ಇಲ್ಲ.

ಅಪ್ಪ ಶಂಭುಲಿಂಗಪ್ಪ ಬಾಳೆಮಂಡಿಯ ವ್ಯಾಪಾರಿ. ಗೊನೆಯನ್ನು ತಟ್ಟಿ, ತಿರುಗಿಸಿ, ಮೂಸಿ ಕೊಳ್ಳುವವರು. ದೀಪವನ್ನೂ ಹಾಗೇ ನೋಡಿದರು.

"ಕೊಡೋದಷ್ಟೇ ಅಲ್ಲ, ತಕ್ಕೊಂಡೂ ಓಗ್ತದೆ ಅಂದಂಗಾಯ್ತು."

"ಇಂಟರ್‌ನೆಟ್ ಅಂದ್ರೆ ಅದೇ ಅಲ್ವಾ ಭಾವ," ಎಂದು ಮಾವ ನಕ್ಕ.

ಅಮ್ಮ ಹೇಮಲತಾ ಸಂಜೆ ಯಾವ ದೀಪ ಹೊತ್ತಿದರೂ ಕೈ ಮುಗಿಯುವವಳು. ಇದಕ್ಕೂ ಮುಗಿದಳು, ಆದರೆ ಕಣ್ಣು ಮುಚ್ಚಲಿಲ್ಲ.

ಹೊಸದನ್ನು ಕೂರಿಸುವ ಭರದಲ್ಲಿ ಮಾವ ಹಳೆಯದೊಂದನ್ನು ಕಿತ್ತುಹಾಕಿದ್ದ. ಗಾನವಿಯ ಕೋಣೆಗೂ ಪಕ್ಕದ ಪೂಜೆಕೋಣೆಗೂ ನಡುವಿನ ಗೋಡೆಯಲ್ಲಿ, ಎತ್ತರದಲ್ಲಿ ಒಂದು ಕಿಂಡಿಯಿತ್ತು. ಒಂದೇ ಬಲ್ಬು ಎರಡೂ ಕೋಣೆ ಬೆಳಗಲಿ ಎಂದು ತಾತ ಅಲ್ಲಿ ಗಾಜಿನ ಪೆಟ್ಟಿಗೆ ಕೂರಿಸಿ ಬಲ್ಬು ಹಾಕಿಸಿದ್ದರಂತೆ. ಆ ಬಲ್ಬಿನ ಬೆಳಕು ಹೊಸದಕ್ಕೆ ತೊಡಕು ಎಂದು ಮಾವ ಪೆಟ್ಟಿಗೆ ಸಮೇತ ತೆಗೆದ. ಕಿಂಡಿಯನ್ನು ಮುಕ್ಕಾಲು ಮರೆಸಿ ಬೀರು ಬಂದು ನಿಂತಿತು. ಎಲ್ಲರೂ ಅದನ್ನು ಮರೆತರು.

ಆ ವಾರವೇ ಸಂಬಂಧವೂ ಬಂತು. ತಂದವರು ಮನೆಯಲ್ಲೇ ಇದ್ದ ಅಜ್ಜಿಯ ತಂಗಿ, ನರಸೀಪುರದವರು. ಹುಡುಗ ನಂಜೇಶ್ ಅವರ ಬೀದಿಯವನೇ, ಗೊಬ್ಬರದಂಗಡಿ ಇಟ್ಟವನು, ಕೆಟ್ಟವನಲ್ಲ. ಹುಡುಗಿ ನೋಡಲು ಬಂದ ದಿನ ಅವನ ತಾಯಿ ಗಾನವಿಯನ್ನು ಏನೇ ಕೇಳಲಿ, ಉತ್ತರ ಅವನದೇ. ಅಡಿಗೆ ಬರುತ್ತೇನಮ್ಮಾ? ಕಲಿತುಕೊಳ್ತಾರೆ ಬಿಡಮ್ಮ. ಮುಂದೆ ಓದುವ ಆಸೆ ಇದೆಯೇ? ಇದ್ರೂ ಮದುವೆಯಾದ ಮೇಲೆ ಎಲ್ಲಿ ಆಗ್ತದೆ. ಗಾನವಿ ಬಾಯಿ ತೆರೆಯುವುದರೊಳಗೆ ಮಾತು ಮುಗಿದಿರುತ್ತಿತ್ತು. ಅಪ್ಪನಿಗೆ ಅದೇ ಹಿಡಿಸಿತು. ನಮ್ಮುಡುಗಿಗೆ ಬಾಯಿಲ್ಲ, ಇಬ್ಬರದ್ದೂ ಅವನೇ ಆಡ್ತಾನೆ, ಒಳ್ಳೇ ಜೋಡಿ ಎಂದರು. ಒಪ್ಪಿಗೆಯೇ ಎಂದು ಕೇಳಿದಾಗ ಅವಳು ತಲೆ ತಗ್ಗಿಸಿದಳು. ಅದನ್ನೇ ಹೂಂ ಎಂದುಕೊಂಡರು.

ಸಂಜೆ ಬಾಗಿಲು ಹಾಕಿಕೊಂಡು, ದೀಪದಡಿ ನಿಂತು, ಅವಳು ಆಡಿ ನೋಡಿದಳು. "ಅವರು ನನ್ನ ಮಾತನ್ನೂ ತಾವೇ ಆಡಿಬಿಡ್ತಾರೆ. ನಂಗೆ ಬೇಡ."

ಮರುದಿನ ನರಸೀಪುರದಿಂದ ಫೋನು. ನಂಜೇಶನ ತಾಯಿ ನಗುತ್ತಲೇ ಅಮ್ಮನನ್ನು ಕೇಳಿದರಂತೆ, ನಮ್ಮುಡುಗ ಮಾತು ಜಾಸ್ತಿ ಅಂತ ನಿಮ್ಮುಡುಗಿಗೆ ಬೇಜಾರಂತೆ ಹೌದಾ ಎಂದು. ಅಮ್ಮ ತಬ್ಬಿಬ್ಬಾಗಿ, ಅಯ್ಯೋ ಯಾರು ಹೇಳಿದ್ರು, ಅವಳು ಮಾತಾಡಿದ್ದು ನಾವೇ ಕೇಳಿಲ್ಲ ಎಂದಳು. ಬಾಗಿಲ ಹಿಂದೆ ನಿಂತಿದ್ದ ಗಾನವಿ ತಿರುಗಿ ಕೋಣೆಯ ದೀಪದ ಕಡೆ ನೋಡಿದಳು.

ದೀಪದೊಳಗೆ ಮೈಕ್ ಇರಲು ಸಾಧ್ಯವಿಲ್ಲ ಎಂದು ಅವಳ ಓದು ಹೇಳಿತು. ಇಟ್ಟಿದ್ದರೆ? ಎಂದು ಅವಳ ಹೊಟ್ಟೆ ಕೇಳಿತು. ಅವಳು ಒಂದು ಪರೀಕ್ಷೆ ಮಾಡಿದಳು. ಅಡಿಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತ, ನನಗೆ ಹಾಗಲಕಾಯಿ ಆಗಲ್ಲ ಎಂದು ಗೊಣಗಿದಳು. ಸಂಜೆ ಕೋಣೆಯ ದೀಪದಡಿ, ನನಗೆ ಬದನೆಕಾಯಿ ಆಗಲ್ಲ ಎಂದಳು. ಎರಡೂ ಸುಳ್ಳು. ಬದನೆಕಾಯಿ ಎಣ್ಣೆಗಾಯಿ ಎಂದರೆ ಅವಳು ಒಂದು ರೊಟ್ಟಿ ಹೆಚ್ಚಿಗೆ ತಿನ್ನುವವಳು.

ಒಂದೆರಡು ದಿನ ಕಳೆದು ಮತ್ತೆ ಫೋನು ಬಂತು. ತಾಂಬೂಲ ಬದಲಾಯಿಸಲು ಸೋಮವಾರ ಬರುತ್ತೇವೆ ಎಂದು ತಿಳಿಸಿ, ಹುಡುಗಿಗೆ ಬದನೆಕಾಯಿ ಆಗಲ್ವಂತೆ, ನಮ್ಮನೇಲಿ ಅದೇ ದಿನಾ ಎಂದು ನಂಜೇಶನ ತಾಯಿ ನಕ್ಕರು. ಹಾಗಲಕಾಯಿಯ ಸುದ್ದಿ ಬರಲಿಲ್ಲ.

ಈ ಸಲ ಅಪ್ಪನೂ ಕೇಳಿಸಿಕೊಂಡರು. ಅವರ ಅನುಮಾನ ಸುತ್ತಾಡಲಿಲ್ಲ, ನೆಟ್ಟಗೆ ನರಸೀಪುರಕ್ಕೆ ಹೋಯಿತು. ದೀಪ ಯಾರದು? ಮಲ್ಲಿದು. ಮಲ್ಲಿ ಎಲ್ಲಿಯವನು? ಹುಡುಗನ ಊರಿನವನೇ. ನಮ್ಮ ಮನೆಯ ಒಳಗಿನ ಮಾತನ್ನು ಅಂಗಡಿಯಲ್ಲಿ ಕೂತು ಕೇಳಿಸಿಕೊಂಡು ಅವರಿಗೆ ಹೇಳುತ್ತಿದ್ದಾನೆ, ಅವರ ಹತ್ತಿರ ಏನೋ ವ್ಯವಹಾರ ಇಟ್ಟುಕೊಂಡಿದ್ದಾನೆ. ಅಮ್ಮ ತಮ್ಮನ ಪರ ಒಂದು ಮಾತಾಡಲು ಹೋಗಿ ಅಲ್ಲೇ ನಿಲ್ಲಿಸಿದಳು. ಅಂದಿನಿಂದ ಮನೆಯಲ್ಲಿ ಮಾತಾಡಬೇಕೆಂದರೆ ಎಲ್ಲರೂ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗತೊಡಗಿದರು. ಹಜಾರದ ದೀಪಕ್ಕೆ ಅಮ್ಮ ಹಳೇ ಪಂಚೆ ಕಟ್ಟಿದಳು. ಬದನೆಕಾಯಿ ಮನೆಗೆ ಬರುವುದು ನಿಂತಿತು. ಇಲ್ಲ ಅದು ಸುಳ್ಳು ಎಂದು ಹೇಳುವ ಧೈರ್ಯವೂ ಗಾನವಿಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅಪ್ಪ ಮಲ್ಲಿಕಾರ್ಜುನನನ್ನು ಕರೆಸಿದರು. ಬೀಗರು ಬರುವ ಮೊದಲು ದೀಪ ಬಿಚ್ಚಬೇಕು, ಬಿಚ್ಚಿದ ಮೇಲೆ ಅವನು ಈ ಹೊಸಿಲು ತುಳಿಯಕೂಡದು. ಅವನು ಹಜಾರದಲ್ಲಿ ಏಣಿ ಹಾಕುತ್ತಿದ್ದ. ಪಾಠ ಕೇಳುತ್ತಿದ್ದ ಗಾನವಿಗೆ ಅಮ್ಮ, ಪೂಜೆಕೋಣೆಯಿಂದ ವೀಳ್ಯದೆಲೆ ತಟ್ಟೆ ತಾರೇ ಎಂದು ಕೂಗಿದಳು. ತೆರೆದ ಲ್ಯಾಪ್‌ಟಾಪ್ ಕೈಯಲ್ಲಿ ಹಿಡಿದೇ ಅವಳು ಎದ್ದಳು. ಹೊಸಿಲು ದಾಟುತ್ತಲೇ ಎಂದಿನಂತೆ ಪಾಠ ನಿಂತಿತು. ಪೂಜೆಕೋಣೆಯಲ್ಲಿ ಅಜ್ಜಿಯ ಮಣೆಯ ಮೇಲೆ ಅದನ್ನಿಟ್ಟು ತಟ್ಟೆಗೆ ಕೈ ಹಾಕಿದಳು.

ಮೇಷ್ಟರ ದನಿ ಮತ್ತೆ ಶುರುವಾಯಿತು.

ಗೋಡೆಯ ಈಚೆ ಆ ದೀಪದ ಬೆಳಕು ಬರುವಂತಿಲ್ಲ. ಬರದೆ ಪಾಠ ಬರುವಂತಿಲ್ಲ. ಅವಳು ತಲೆಯೆತ್ತಿದಳು. ಮೇಲೆ ಗಾಜು ಹೋದ ಕಿಂಡಿ ಬಾಯಿ ತೆರೆದಿತ್ತು. ಬೀರುವಿನ ನೆತ್ತಿಯ ಮೇಲಿಂದ ಬಂದ ಬಿಳಿ ಬೆಳಕಿನ ಒಂದು ಪಟ್ಟಿ ನೇರವಾಗಿ ಮಣೆಯ ಮೇಲೆ ಬಿದ್ದಿತ್ತು. ದಿನಾ ಸಂಜೆ ಅಜ್ಜಿ ಸರ್ವಮಂಗಳಮ್ಮ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂರುವ ಮಣೆ. ಪೂಜೆ ಮುಗಿಯುವವರೆಗೆ ಅಜ್ಜಿ ತುಟಿ ಬಿಚ್ಚುವುದಿಲ್ಲ, ಆದ್ದರಿಂದ ಆ ಹೊತ್ತಿನಲ್ಲಿ ಅವರು ಅಲ್ಲಿದ್ದಾರೆ ಎಂಬುದನ್ನೇ ಮನೆಯವರು ಮರೆಯುತ್ತಿದ್ದರು.

ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳ ಮುಖ ನೋಡಿ, ಕಿಂಡಿ ನೋಡಿ, ಒಳಗೆ ಬಂದು ಕೂತರು.

"ಲಿಂಗ ಕೈಮ್ಯಾಲಿದ್ದಾಗ ಮಾತಾಡಂಗಿಲ್ಲ ಕಣವ್ವ. ಕಿವಿ ಮುಚ್ಕೊಳಾಕೆ ಕೈ ಎಲ್ಲಿ ಬಿಡುವು?"

"ನರಸೀಪುರದ ನಿಮ್ಮ ತಂಗಿಗೆ ಫೋನಲ್ಲಿ ನೀವೇ ಹೇಳಿದ್ರಾ?"

"ಹೂಂ. ಹುಡುಗನ ಕಡೆಯೋರು ಕೇಳಿದ್ರಾದ್ರೂ ಬಾಯಿ ಬಿಡ್ತೀಯೇನೋ ಅಂತ. ನೀನು ಬದನೆಕಾಯಿವರೆಗೂ ಬಂದೆ, ಮುಂದಕ್ಕೆ ಬರ್ನಿಲ್ಲ."

ಗಾನವಿಗೆ ನಗುವೂ ಬಂತು, ಸಿಟ್ಟೂ ಬಂತು. ಅಂದು ನಂಜೇಶ್ ಅವಳ ಮಾತನ್ನು ಆಡಿದ್ದ, ಈಗ ಅಜ್ಜಿ ಆಡಿದ್ದರು.

ಹಜಾರದಲ್ಲಿ ಅಪ್ಪನ ದನಿ ಏರಿತು. ಅಕ್ಕನ ಮನೇನೇ ಮಾರ್ಕೊಂಡ್ಯಲ್ಲೋ ಎನ್ನುತ್ತಿದ್ದರು. ಮಾವ ಏಣಿಯ ಮೇಲೆ ನಿಂತು, ದೀಪದ ಸ್ಕ್ರೂ ಒಂದನ್ನು ಕೈಯಲ್ಲಿ ಹಿಡಿದು, ಅಕ್ಕನ ಕಡೆ ನೋಡುತ್ತಿದ್ದ. ಅಕ್ಕ ನೆಲ ನೋಡುತ್ತಿದ್ದಳು. ಬೀದಿಯಲ್ಲಿ ಕಾರು ನಿಂತ ಸದ್ದಾಯಿತು.

"ತಾಳು, ನಿಮ್ಮಪ್ಪಂಗೆ ನಾ ಏಳ್ತೀನಿ," ಎಂದು ಅಜ್ಜಿ ಗೋಡೆ ಹಿಡಿದು ಏಳಹೊರಟರು.

ಗಾನವಿ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು. ತಟ್ಟೆಯನ್ನು ಅಲ್ಲೇ ಬಿಟ್ಟು ಹಜಾರಕ್ಕೆ ಬಂದು ಏಣಿಯ ಬುಡದಲ್ಲಿ ನಿಂತಳು. ಪಂಚೆ ಬಿಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಹೊಸಿಲಾಚೆ ನಂಜೇಶ್ ಚಪ್ಪಲಿ ಬಿಡುತ್ತಿದ್ದ, ಅವನ ಹಿಂದೆ ಅವನ ತಾಯಿ. ಅಪ್ಪ ಅವಳನ್ನು ಒಳಗೆ ಹೋಗು ಎಂದು ಕಣ್ಣಲ್ಲೇ ಗದರಿಸಿದರು. ಕೋಣೆಯಲ್ಲಿ ಎಷ್ಟೋ ಸಲ ಆಡಿದ ಮಾತೇ ಆದರೂ ಇಲ್ಲಿ ಅದು ಹೊಸದಾಗಿ ಹುಟ್ಟಬೇಕಿತ್ತು.

"ಅಪ್ಪಾಜಿ, ದೀಪಕ್ಕೆ ಕಿವಿಯಿಲ್ಲ, ಮಾವನ್ನ ಬಯ್ಯಬೇಡಿ. ಆ ಮಾತು ನಂದೇ. ನಂಗೆ ಈ ಮದುವೆ ಬೇಡ."