ಐದನೇ ತರಗತಿಯ ಹಾಜರಿ

ಜೂನ್ ಕೊನೆಯಲ್ಲಿ ಅಪ್ಪಿ ಮಗ ಮೋಕ್ಷಿತ್‌ನನ್ನು ಒಂದನೇ ತರಗತಿಗೆ ಸೇರಿಸಲು ಕುಲಶೇಖರದ ಅನುದಾನಿತ ಕನ್ನಡ ಶಾಲೆಗೆ ಹೋದಳು. ನೆರೆಮನೆಯ ಮಕ್ಕಳೆಲ್ಲ ಹಳದಿ ಬಸ್ಸಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಿದ್ದರು. ಆದರೆ ಅವಳ ಮಗಳು ಅನುಷ್ಕಾ ಕಲಿತದ್ದು ಇಲ್ಲಿ. ಎರಡು ವರ್ಷದ ಹಿಂದೆ, ಮೂರನೇ ತರಗತಿಯಲ್ಲಿದ್ದಾಗ, ಡೆಂಗಿ ಜ್ವರ ಬಂದು ಆರೇ ದಿನಕ್ಕೆ ತೀರಿಕೊಂಡಿದ್ದಳು. ಆಗ ಮುಖ್ಯೋಪಾಧ್ಯಾಯಿನಿ ಗುಲಾಬಿ ಟೀಚರ್ ಮನೆಗೆ ಬಂದು ಅಪ್ಪಿಯನ್ನು ತಬ್ಬಿಕೊಂಡು ಅತ್ತಿದ್ದರು.

ಟೀಚರ್ ಅರ್ಜಿ ತರಲು ಒಳಗೆ ಹೋದರು. ಮೇಜಿನ ಮೇಲೆ ಐದನೇ ತರಗತಿಯ ಹಾಜರಿ ಪುಸ್ತಕ ತೆರೆದಿತ್ತು. ಎರಡನೇ ಸಾಲಿನಲ್ಲಿ ಅನುಷ್ಕಾ ಪಿ. ಎಂದಿತ್ತು. ತಂದೆ ಪೂವಪ್ಪ, ಅಪ್ಪಿಯ ಗಂಡನದೇ ಹೆಸರು. ಅಪ್ಪಿ ಮೂರು ಸಲ ಓದಿದಳು. ಟೀಚರ್ ಅರ್ಜಿ ಹಿಡಿದು ಬಂದಾಗ ಪುಸ್ತಕವನ್ನು ಅವರತ್ತ ತಿರುಗಿಸಿದಳು.

"ಇದು ಯಾವ ಅನುಷ್ಕಾ, ಟೀಚರ್?"

ಗುಲಾಬಿ ಟೀಚರ್ ನಿಂತಲ್ಲೇ ನಿಂತರು. "ನಿನ್ನ ಮಗಳೇ. ಮಕ್ಕಳು ಬಿಟ್ಟು ಹೋಗ್ತಾ ಇದ್ದಾರೆ ಅಪ್ಪಿ. ಸಂಖ್ಯೆ ಇಳಿದರೆ ಸರ್ಕಾರದ ಅನುದಾನ ನಿಲ್ತದೆ, ಶಾಲೆ ಮುಚ್ತದೆ. ಮೊದಲು ಅವಳ ಹೆಸರು ಹೊಡೆದು ಹಾಕಲಿಕ್ಕೆ ಕೈ ಬರಲಿಲ್ಲ. ಆಮೇಲೆ ಬೇಕಾಯ್ತು. ಇಂಥ ಹೆಸರು ಇನ್ನೂ ಹನ್ನೊಂದು ಉಂಟು. ಅವರೆಲ್ಲ ಬೇರೆ ಶಾಲೆಯಲ್ಲಿದ್ದಾರೆ."

"ಅವರು ಎಲ್ಲಿಯಾದರೂ ಇದ್ದಾರಲ್ಲ."

ಅಪ್ಪಿಯ ಬೆರಳು ಸಾಲಿನುದ್ದಕ್ಕೆ ಸರಿದು ಒಂದು ಕಡೆ ನಿಂತಿತು. "ಈ ಮೂರು ದಿನ ಎಂತಕ್ಕೆ ರಜೆ?"

"ದಿನಾ ಹಾಜರಿ ಹಾಕಿದರೆ ಸಂಶಯ ಬರ್ತದೆ."

"ಎಂತಕ್ಕೆ ರಜೆ ಅಂತ ಬರೆದಿದ್ದೀರಿ?"

ಗುಲಾಬಿ ಟೀಚರ್ ಮುಖ ಕೆಳಗೆ ಹಾಕಿದರು. "ಜ್ವರ ಅಂತ."

ಅಪ್ಪಿಗೆ ಅಳುವೂ ಬರಲಿಲ್ಲ. ಆ ಕೋಣೆಯಲ್ಲಿ ಯಾರೋ ತನ್ನ ಮಗಳನ್ನು ಇನ್ನೊಮ್ಮೆ ಮಲಗಿಸಿದಂತೆ ಅನಿಸಿತು. "ಹೆಸರು ಹೊಡೆಯಿರಿ. ನನ್ನ ಎದುರೇ ಹೊಡೆಯಿರಿ" ಎಂದಳು.

ಟೀಚರ್ ಕೆಂಪು ಪೆನ್ನಿನಿಂದ ಹೆಸರಿನ ಮೇಲೆ ಗೆರೆ ಎಳೆದರು. ಅರ್ಜಿ ತುಂಬದೆ ಅಪ್ಪಿ ಮಗನ ಕೈ ಹಿಡಿದು ಹೊರಟಳು.

ಮರುವಾರ ಗುಲಾಬಿ ಟೀಚರ್ ಉಳಿದ ಹನ್ನೊಂದು ಹೆಸರುಗಳನ್ನೂ ಹೊಡೆದು, ನಡೆದದ್ದನ್ನೆಲ್ಲ ಬರೆದು ಶಿಕ್ಷಣ ಇಲಾಖೆಗೆ ಕೊಟ್ಟರು. ಅವರು ಅಮಾನತಾದರು. ಅನುದಾನ ನಿಂತಿತು. ದೀಪಾವಳಿಗೆ ಮೊದಲೇ ಶಾಲೆ ಮುಚ್ಚಿತು. ಉಳಿದಿದ್ದ ಹದಿನಾಲ್ಕು ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಿದರು. ಮೋಕ್ಷಿತ್ ಮೊದಲೇ ಅಲ್ಲಿಗೆ ಸೇರಿದ್ದ. ಒಂದು ಸಂಜೆ ಮಗನನ್ನು ಕರೆತರಲು ಹೋದ ಅಪ್ಪಿ ಹೊಸದಾಗಿ ಬಂದವರಲ್ಲಿ ಐದನೇ ತರಗತಿಯ ಇಬ್ಬರು ಹುಡುಗಿಯರನ್ನು, ಅನುಷ್ಕಾಳ ಜೊತೆ ಕಲಿತವರನ್ನು, ಕಂಡಳು. ಅವರು ಎಷ್ಟು ಎತ್ತರವಾಗಿದ್ದಾರೆಂದು ನೋಡುತ್ತ ಗೇಟಿನ ಬಳಿ ನಿಂತೇ ಇದ್ದಳು.